ನಮ್ಮ ರಾತ್ರಿಪಾಳಿ, ನಮ್ಮ ಮಕ್ಕಳು

“ರಾತ್ರಿ ನಿಮ್ಮ ಮಗು ಯಾರ ಹತ್ತಿರ ಇರುತ್ತದೆ, ಸಿಸ್ಟರ್?” ಎಂದು ನಮ್ಮನ್ನು ಕೇಳದವರು ಕಡಿಮೆ. ವಾರ್ಡಿನಲ್ಲಿ ಹಾಸಿಗೆ ಹಿಡಿದ ಮುದುಕಿ ಕೇಳುತ್ತಾಳೆ. ಬಾಡಿಗೆಯ ಮನೆ ತೋರಿಸುವ ಏಜೆಂಟ ಕೇಳುತ್ತಾನೆ. ಸಂಘದ ವಾರ್ಷಿಕೋತ್ಸವದಲ್ಲಿ ಊಟದ ಸಾಲಿನಲ್ಲಿ ಸಿಕ್ಕ ಊರ ಕಡೆಯವರು ಕೇಳುತ್ತಾರೆ. ಮುದುಕಿಯ ಪ್ರಶ್ನೆಯಲ್ಲಿ ಕರುಣೆಯಿದೆ, ಏಜೆಂಟನ ಪ್ರಶ್ನೆಯಲ್ಲಿ ಸಂಶಯವಿದೆ, ಊರ ಕಡೆಯವರದರಲ್ಲಿ ಎರಡೂ ಸಮಸಮವಾಗಿ ಬೆರೆತಿವೆ. ಮೂವರಿಗೂ ನಾವು ಕೊಡುವ ಉತ್ತರ ಒಂದೇ: “ವ್ಯವಸ್ಥೆ ಇದೆ.” ಆ ವ್ಯವಸ್ಥೆ ಎಂಬುದು ಎಂಥದು, ಅದನ್ನು ಕಟ್ಟಲಿಕ್ಕೆ ಎಷ್ಟು ಹೆಣಗಬೇಕಾಯಿತು ಎಂಬುದನ್ನು ಊಟದ ಸಾಲಿನಲ್ಲಿ ನಿಂತು ಹೇಳಲಾಗದು. ಅದಕ್ಕಾಗಿ ಈ ಪುಟಗಳನ್ನು ಬೇಡಿಕೊಂಡಿದ್ದೇವೆ.

ನಾವು ಎಂದರೆ ನಾಲ್ವರು. ನಾಲ್ವರೂ ದಾದಿಯರು, ನಾಲ್ವರೂ ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರು. ಕುಂದಾಪುರದ ಕಡೆಯವಳ ಗಂಡ ಹೋಟೆಲಿನ ಗಲ್ಲೆಯ ಮೇಲೆ ಕೂತಿದ್ದಾಗಲೇ ಎದೆನೋವು ಬಂದು ತೀರಿಕೊಂಡರು. ಆಗ ಮಗನಿಗೆ ಮೂರು ವರ್ಷ. ಗೋಕಾಕದ ಕಡೆಯವಳ ಗಂಡ ಇದ್ದಾರೆ, ಆದರೆ ಬೇರೆ ಸಂಸಾರದಲ್ಲಿದ್ದಾರೆ. ಕಾಸರಗೋಡಿನವಳ ಗಂಡ ಕೊಲ್ಲಿ ದೇಶಕ್ಕೆ ಹೋದವರು ಮೊದಲು ಹಣ ಕಳುಹಿಸುವುದನ್ನು ನಿಲ್ಲಿಸಿದರು, ಆಮೇಲೆ ಪತ್ರವನ್ನು. ಕಾರವಾರದವಳು ಮದುವೆಯೇ ಆಗಲಿಲ್ಲ. ಕಾನೂನಿನ ಪ್ರಕಾರ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡಳು. ಮೊದಲಿನ ಇಬ್ಬರು ಡೊಂಬಿವಲಿ ಪೂರ್ವದ ಒಂದೇ ಬಿಲ್ಡಿಂಗಿನಲ್ಲಿ ಇದ್ದೇವೆ, ಒಬ್ಬಳು ಕಲ್ಯಾಣದಲ್ಲಿ, ಒಬ್ಬಳು ನವಿಮುಂಬಯಿಯ ಐರೋಲಿಯಲ್ಲಿ. ನಮ್ಮ ಪರಿಚಯವಾದದ್ದು ಗಾಡಿಯ ಲೇಡೀಸ್ ಡಬ್ಬದಲ್ಲಿ. ಮಲಯಾಳಿ, ಮರಾಠಿ ಸಿಸ್ಟರುಗಳ ನಡುವೆ ಕನ್ನಡ ಮಾತು ಕಿವಿಗೆ ಬಿದ್ದರೆ ತಿರುಗಿ ನೋಡದೆ ಇರುವವರು ಯಾರು?

ಮೊದಲು ಪಾಳಿಪಟ್ಟಿಯ ಮಹಿಮೆಯನ್ನು ಹೇಳಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಸಾಧಾರಣವಾಗಿ ಮೂರು ಪಾಳಿ. ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು. ಹಗಲಿನ ಎರಡು ಆರೇಳು ತಾಸಿನವು, ರಾತ್ರಿಯದು ಹತ್ತು ಹನ್ನೆರಡು ತಾಸಿನದು. ಚಿಕ್ಕ ನರ್ಸಿಂಗ್ ಹೋಮುಗಳಲ್ಲಿ ಎಷ್ಟೋ ಕಡೆ ಎರಡೇ ಪಾಳಿ, ಹನ್ನೆರಡು ಹನ್ನೆರಡು ತಾಸು. ಯಾರಿಗೆ ಯಾವುದು ಎಂಬುದನ್ನು ಇನ್‌ಚಾರ್ಜ್ ಸಿಸ್ಟರ್ ಬರೆದು ಗೋಡೆಗೆ ಅಂಟಿಸುತ್ತಾರೆ. ಪಂಚಾಂಗದಲ್ಲಿ ಗ್ರಹಗಳು ಮನೆ ಬದಲಾಯಿಸುವ ಹಾಗೆ ಆ ಪಟ್ಟಿಯಲ್ಲಿ ನಮ್ಮ ಹೆಸರುಗಳು ಮನೆ ಬದಲಾಯಿಸುತ್ತವೆ. ಒಬ್ಬಳಿಗೆ ಜ್ವರ ಬಂದರೆ, ಒಬ್ಬಳ ಅತ್ತೆ ತೀರಿಕೊಂಡರೆ ಇಡೀ ಪಟ್ಟಿ ಅಲುಗುತ್ತದೆ. ಶನಿವಾರ ಸಂಜೆ “ಸೋಮವಾರದಿಂದ ನಿಮಗೆ ನೈಟ್” ಎಂದರೆ ಭಾನುವಾರ ಒಂದೇ ದಿನದಲ್ಲಿ ಮಗುವಿನ ಏಳು ರಾತ್ರಿಗಳಿಗೆ ಜಾಗ ಹುಡುಕಬೇಕು.

ಪಾಳಿಯ ತಾಸುಗಳಿಗೆ ಗಾಡಿಯ ತಾಸುಗಳನ್ನು ಸೇರಿಸಿ ನೋಡಿ. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ ಸುಮಾರು 48 ಕಿಲೋಮೀಟರು, ಕಲ್ಯಾಣದಿಂದ ಇನ್ನೂ ಹೆಚ್ಚು. ರಾತ್ರಿ ಒಂಬತ್ತಕ್ಕೆ ವಾರ್ಡಿನಲ್ಲಿರಬೇಕಾದರೆ ಏಳು ಕಾಲಿಗೆ ಮನೆ ಬಿಡಬೇಕು. ಬೆಳಿಗ್ಗೆ ಏಳಕ್ಕೆ ಪಾಳಿ ಮುಗಿಯಿತು ಎನ್ನುವುದು ಕಾಗದದ ಮಾತು. ಒಬ್ಬೊಬ್ಬ ರೋಗಿಯ ಹತ್ತಿರ ನಿಂತು ಮುಂದಿನ ಪಾಳಿಯವಳಿಗೆ ‘ಓವರ್’ ಕೊಟ್ಟು, ಔಷಧಿಯ ಲೆಕ್ಕ ಒಪ್ಪಿಸಿ ಹೊರಬೀಳುವಾಗ ಎಂಟಾಗುತ್ತದೆ. ಮನೆ ಮುಟ್ಟುವಾಗ ಹತ್ತಾಗುತ್ತದೆ. ಹತ್ತು ತಾಸಿನ ಪಾಳಿಗೆ ಹದಿನೈದು ತಾಸು ಮನೆಯ ಹೊರಗೆ.

ಇನ್ನೊಂದು ಚೋದ್ಯವೆಂದರೆ ಇಲ್ಲಿಯ ಎಷ್ಟೋ ಶಾಲೆಗಳಿಗೂ ಪಾಳಿಗಳಿವೆ. ಚಿಕ್ಕವರಿಗೆ ಒಂದು ಹೊತ್ತು, ದೊಡ್ಡವರಿಗೆ ಇನ್ನೊಂದು ಹೊತ್ತು. ನಮ್ಮ ಮಧ್ಯಾಹ್ನದ ಪಾಳಿಯೂ ಮಗುವಿನ ಬೆಳಗಿನ ಶಾಲೆಯೂ ಒಂದೇ ವಾರದಲ್ಲಿ ಬಂದುವೆನ್ನಿ. ಮಗು ಒಂದು ಗಂಟೆಗೆ ಮನೆಗೆ ಬರುವಾಗ ನಾವು ಗಾಡಿಯಲ್ಲಿರುತ್ತೇವೆ. ನಾವು ರಾತ್ರಿ ಹನ್ನೊಂದಕ್ಕೆ ಬರುವಾಗ ಮಗು ನಿದ್ದೆಯಲ್ಲಿರುತ್ತದೆ. ಒಂದೇ ಖೋಲಿಯಲ್ಲಿದ್ದು ಬೆಳಗಿನ ಮುಕ್ಕಾಲು ತಾಸು ಬಿಟ್ಟರೆ ವಾರವಿಡೀ ಭೇಟಿಯಿಲ್ಲ. ಆ ಮುಕ್ಕಾಲು ತಾಸಿನಲ್ಲಿ ಜಡೆ, ಡಬ್ಬಿ, ಹೋಮ್‌ವರ್ಕಿನ ಸಹಿ ಎಲ್ಲವೂ ಆಗಬೇಕು. ಕಾಸರಗೋಡಿನವಳ ಮನೆಯಲ್ಲಿ ಫ್ರಿಜ್ಜಿನ ಬಾಗಿಲೇ ಅಂಚೆಪೆಟ್ಟಿಗೆ. “ಸಾರು ಬಿಸಿ ಮಾಡಿಕೊ, ಗ್ಯಾಸಿನ ಕೆಳಗಿನ ಬಟನ್ ಬಂದ್ ಮಾಡು” ಎಂದು ಅಮ್ಮನ ಚೀಟಿ. “ಮಾಡಿದೆ, ನಾಳೆ ಹಸಿರು ಚಾರ್ಟ್ ಪೇಪರ್ ಬೇಕು” ಎಂದು ಮಗನ ಚೀಟಿ. ಹುಡುಗನ ಕನ್ನಡ ಅಕ್ಷರ ಗುಂಡಗಾದದ್ದು ಆ ಚೀಟಿಗಳಿಂದಲೇ ಎಂದು ಅವಳು ನಗುತ್ತಾಳೆ.

ಈ ಪಾಳಿಪಟ್ಟಿ ಇಷ್ಟು ನಿರ್ದಯವಾಗಿರುವುದು ಏಕೆ ಎಂದು ನಾವು ಗಾಡಿಯಲ್ಲಿ ಎಷ್ಟೋ ಸಲ ಚರ್ಚಿಸಿದ್ದುಂಟು. ಅದನ್ನು ಬರೆಯುವವರು ಕೆಟ್ಟವರೆಂದಲ್ಲ, ಅವರೂ ನಮ್ಮ ಹಾಗೆ ಪಾಳಿ ಮಾಡಿ ಮೇಲೆ ಬಂದವರೇ. ಪಟ್ಟಿಯ ಹುಟ್ಟೇ ಬೇರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದಾಗ ವಿದ್ಯಾರ್ಥಿನಿಯರು ಅಲ್ಲೇ ವಾಸವಾಗಿರಬೇಕೆಂಬ ಏರ್ಪಾಡಿತ್ತು. ಆ ಪದ್ಧತಿ ನಮ್ಮ ದೇಶಕ್ಕೂ ಬಂತು. ದಾದಿ ಎಂದರೆ ಮದುವೆಯಾಗದವಳು, ನರ್ಸಸ್ ಕ್ವಾರ್ಟರ್ಸಿನಲ್ಲಿ ಇರುವವಳು, ಗಂಟೆ ಬಾರಿಸಿದರೆ ಹತ್ತು ನಿಮಿಷದಲ್ಲಿ ಟೊಪ್ಪಿಗೆ ಸರಿಪಡಿಸಿಕೊಂಡು ವಾರ್ಡಿಗೆ ಇಳಿಯುವವಳು. ಪಾಳಿಪಟ್ಟಿಯನ್ನು ಗೆರೆ ಎಳೆದು ಮಾಡಿದ್ದು ಅವಳಿಗಾಗಿ. ಆ ಹುಡುಗಿ ಮದುವೆಯಾದಳು, ತಾಯಿಯಾದಳು, ಕೆಲವು ಸಲ ಒಬ್ಬಂಟಿಯೂ ಆದಳು, ಮನೆ ಅಗ್ಗವೆಂದು ಡೊಂಬಿವಲಿಗೆ, ಕಲ್ಯಾಣಕ್ಕೆ ಹೋದಳು. ಗೆರೆಗಳು ಮಾತ್ರ ಹಾಗೆಯೇ ಉಳಿದವು.

ಊರುಗಳು ಬೆಳೆದ ರೀತಿಯೂ ಹಾಗೆಯೇ ಇದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ಗಾಡಿ ಬೋರಿಬಂದರಿನಿಂದ ಥಾಣೆಗೆ ಬಂತು, ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ಈ ಕಡೆಯವರು ದುಡಿಯಲಿಕ್ಕೆ ದಕ್ಷಿಣಕ್ಕೆ, ಮಲಗಲಿಕ್ಕೆ ಉತ್ತರಕ್ಕೆ ಎನ್ನುವುದು ರೂಢಿಯಾಯಿತು. ಸಿಡ್ಕೋ 1970ರಲ್ಲಿ ಹುಟ್ಟಿ ಖಾಡಿಯ ಆಚೆ ಹೊಸ ನಗರ ಕಟ್ಟಿತು. 2004ರಲ್ಲಿ ಥಾಣೆಯಿಂದ ವಾಶಿಯ ಕಡೆಗೆ ಲೋಕಲ್ ಗಾಡಿ ಓಡಿದ ಮೇಲೆ ಐರೋಲಿಯವಳ ದಿನದಲ್ಲಿ ಒಂದು ತಾಸು ಉಳಿಯಿತು. ಈಗ ಥಾಣೆ, ಕಳವಾ, ವಾಶಿ, ನೆರೂಳ್ ಎಲ್ಲೆಡೆ ದೊಡ್ಡ ಆಸ್ಪತ್ರೆಗಳಿವೆ. ಮನೆಯ ಹತ್ತಿರ ಕೆಲಸ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತದೆ. ಆದರೆ ಪಾಲಿಕೆಯ, ಸರ್ಕಾರದ ಕಾಯಂ ನೌಕರಿ ಬಿಟ್ಟು ಹತ್ತಿರದ ಖಾಸಗಿ ಕಡೆ ಹೋದರೆ ಸಂಬಳ ಇಳಿಯುತ್ತದೆ. 2016ರಲ್ಲಿ ಸುಪ್ರೀಮ್ ಕೋರ್ಟಿನ ಸೂಚನೆಯ ಮೇರೆಗೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಕಡಿಮೆಯ ಆಸ್ಪತ್ರೆಯಲ್ಲೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಕೂಡದು ಎಂದು ಹೇಳಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಕಡೆಗಳು ಎಷ್ಟೋ ಇವೆ. ಒಬ್ಬಳ ಸಂಬಳದಲ್ಲೇ ಬಾಡಿಗೆ, ಫೀಸು, ರೇಷನ್ನು ಎಲ್ಲ ಸಾಗಬೇಕಾದ ಮನೆಯಲ್ಲಿ ದೂರದ ಗಾಡಿಯನ್ನು ಬಿಡುವುದು ಸುಲಭವಲ್ಲ.

ಇನ್ನು ನಮ್ಮ ‘ವ್ಯವಸ್ಥೆ’ಯ ಮಾತು. ಡೊಂಬಿವಲಿ, ಥಾಣೆಗಳಲ್ಲಿ ಪಾಳಣಾಘರ ಎಂಬ ಪುಣ್ಯಸ್ಥಳಗಳಿವೆ. ಮಕ್ಕಳು ದೊಡ್ಡವರಾಗಿ ದೂರ ಹೋದ ಮೇಲೆ ಕಾಕುಗಳು, ಆಜಿಗಳು ತಮ್ಮ ಮನೆಯ ಹೊರಕೋಣೆಯಲ್ಲಿ ಎಂಟು ಹತ್ತು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ವರಣ ಭಾತ್ ಉಣಿಸಿ, ಮಲಗಿಸಿ, ಸಂಜೆ ಶುಭಂ ಕರೋತಿ ಹೇಳಿಸಿ ಒಪ್ಪಿಸುತ್ತಾರೆ. ನಮ್ಮ ಮಕ್ಕಳೆಲ್ಲ ಮೊದಲು ಮರಾಠಿ ಕಲಿತದ್ದು ಅವರ ಮಡಿಲಲ್ಲಿ. ಆದರೆ ಪಾಳಣಾಘರ ಸಂಜೆ ಏಳಕ್ಕೆ, ಹೆಚ್ಚೆಂದರೆ ಎಂಟಕ್ಕೆ ಮುಚ್ಚುತ್ತದೆ. ಬ್ಯಾಂಕಿನವಳಿಗೆ, ಮಂತ್ರಾಲಯದವಳಿಗೆ ಅದು ಸಾಕು. ನಮ್ಮ ಕೆಲಸ ಶುರುವಾಗುವುದೇ ಆಮೇಲೆ.

ಕುಂದಾಪುರದವಳು ಮೊದಮೊದಲು ಮಗನನ್ನು ಶೇಜಾರಿನ ಆಜಿಯ ಬಳಿ ಮಲಗಿಸುತ್ತಿದ್ದಳು. ಹಣ ಕೊಡಹೋದರೆ ಆಜಿ ಕಣ್ಣು ದೊಡ್ಡದು ಮಾಡಿದರು. ಅದಕ್ಕೆ ಬದಲು ಅವರ ರಕ್ತದೊತ್ತಡ ನೋಡುವುದು, ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚುವುದು ಇವಳ ಪಾಲಿಗೆ ಬಂತು. ಗೋಕಾಕದವಳು 2012ರಲ್ಲಿ ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಅದೇ ಬಿಲ್ಡಿಂಗಿಗೆ ಬಂದ ಮೇಲೆ ಇಬ್ಬರೂ ಸೇರಿ ಒಂದು ಸಾಟಿ ಮಾಡಿಕೊಂಡೆವು. ಒಬ್ಬಳಿಗೆ ರಾತ್ರಿಪಾಳಿಯಿದ್ದ ವಾರ ಇನ್ನೊಬ್ಬಳಿಗೆ ಹಗಲುಪಾಳಿ. ಹಗಲಿನವಳ ಮನೆಯಲ್ಲಿ ಇಬ್ಬರ ಮಕ್ಕಳೂ ಮಲಗುವುದು. ಇದಕ್ಕಾಗಿ ಎರಡು ಬೇರೆ ಬೇರೆ ಆಸ್ಪತ್ರೆಗಳ ಇನ್‌ಚಾರ್ಜ್‌ಗಳಿಗೆ ಕೈಮುಗಿಯಬೇಕಾಯಿತು. ಒಬ್ಬರು ಕೂಡಲೇ ಒಪ್ಪಿದರು. ಇನ್ನೊಬ್ಬರು “ಎಲ್ಲರಿಗೂ ಮಕ್ಕಳಿದ್ದಾರೆ, ನಿನಗೊಬ್ಬಳಿಗೆ ಬೇರೆ ಕಾಯಿದೆಯೇ?” ಎಂದರು. ಆ ಮಾತಿನಲ್ಲಿಯೂ ನ್ಯಾಯವಿತ್ತು. ಗಂಡನಿರುವವಳ ಮಗುವೂ ರಾತ್ರಿ ತಾಯಿಯನ್ನು ಕರೆಯುತ್ತದೆ. ಕೊನೆಗೆ ಹಬ್ಬದ ಪಾಳಿಗಳನ್ನು ನಾವೇ ಮೈಮೇಲೆ ಹಾಕಿಕೊಂಡೆವು. ಗಣಪತಿ, ದೀಪಾವಳಿಗಳಂದು ನಾವು ವಾರ್ಡಿನಲ್ಲಿ. ಅದರ ಋಣದಲ್ಲಿ ಉಳಿದ ದಿನಗಳಲ್ಲಿ ಪಾಳಿ ಅದಲುಬದಲು. ನಮ್ಮ ಮಕ್ಕಳಿಗೆ ದೀಪಾವಳಿ ಎರಡು ದಿನ ತಡವಾಗಿ ಬರುತ್ತದೆ. ಆ ಹೊತ್ತಿಗೆ ಪಟಾಕಿ ಅಗ್ಗವಾಗಿರುತ್ತದೆ ಎಂಬ ಲಾಭವೂ ಉಂಟು.

ರಾತ್ರಿ ದುಡಿದವಳು ಹಗಲು ಮಲಗಬೇಕು. ಹಗಲಿನಲ್ಲಿ ಮುಂಬಯಿ ಮಲಗಲು ಬಿಡುವುದಿಲ್ಲ. ಭಂಗಾರವಾಲ, ಕೊರಿಯರು, ವಾಚಮನ್, ಯಾರಾದರೊಬ್ಬರು ಬೆಲ್ಲು ಒತ್ತುತ್ತಲೇ ಇರುತ್ತಾರೆ. ಕಾರವಾರದವಳ ಮಗಳು ಏಳನೆಯ ವಯಸ್ಸಿನಲ್ಲಿ ಬಾಗಿಲಿಗೆ ಮೂರು ಭಾಷೆಯಲ್ಲಿ ಬರೆದು ಅಂಟಿಸಿದಳು: “ಅಮ್ಮ ಮಲಗಿದ್ದಾಳೆ. ಬೆಲ್ ಒತ್ತಬೇಡಿ. ನಾನು ಒಳಗಿದ್ದೇನೆ, ಮೆಲ್ಲಗೆ ಕರೆಯಿರಿ.” ಕೊನೆಯ ವಾಕ್ಯವನ್ನು ನೋಡಿ ಅವಳ ತಾಯಿಗೆ ನಿದ್ದೆ ಹಾರಿಹೋಯಿತು. ಒಂಟಿ ಮಗು ಮನೆಯಲ್ಲಿದೆ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತಲ್ಲ! ಅದನ್ನು ಹರಿದು, ಮೊದಲ ಎರಡು ವಾಕ್ಯಗಳ ಬೇರೆ ಚೀಟಿ ಬರೆಸಿದಳು. ನಮ್ಮ ಮಕ್ಕಳು ಪಿಸುಮಾತಿನಲ್ಲಿ ಆಡಲು ಕಲಿತಿದ್ದಾರೆ. ಮನೆಗೆ ಬಂದವರು “ಎಷ್ಟು ಶಾಂತ ಮಕ್ಕಳು!” ಎಂದು ಹೊಗಳಿದಾಗ ನಮಗೆ ಹೆಮ್ಮೆಯಾಗುವುದಿಲ್ಲ.

ರಾತ್ರಿಪಾಳಿ ಮೈಗೆ ಒಳ್ಳೆಯದಲ್ಲವೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿಪಾಳಿಯ ದುಡಿಮೆಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವುಗಳ ಪಟ್ಟಿಯಲ್ಲಿ ಸೇರಿಸಿದೆ. 1948ರ ಕಾರ್ಖಾನೆ ಕಾಯಿದೆ ಹೆಂಗಸರು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಯಲ್ಲಿ ದುಡಿಯಕೂಡದೆಂದು ಕಟ್ಟು ಮಾಡಿತ್ತು. ಆ ಕಾಲದಲ್ಲಿಯೂ ದಾದಿಯರು ರಾತ್ರಿಯಿಡೀ ದುಡಿಯುತ್ತಲೇ ಇದ್ದರು. ರೋಗಕ್ಕೆ ರಾತ್ರಿ ಹಗಲಿಲ್ಲ, ಆದ್ದರಿಂದ ದಾದಿಗೂ ಇಲ್ಲ. ಇದನ್ನು ನಾವು ಒಪ್ಪಿಕೊಂಡೇ ಈ ಕೆಲಸಕ್ಕೆ ಬಂದವರು. ರಾತ್ರಿಯೇ ಬೇಡವೆಂದು ನಾವು ಎಂದೂ ಹೇಳಿಲ್ಲ.

ಭಯದ ವಿಷಯ ಬೇರೆ. ಇಬ್ಬರು ಸಾಕುವ ಮನೆಯಲ್ಲಿ ಒಬ್ಬರು ಎಲ್ಲಾದರೂ ಸಿಕ್ಕಿಬಿದ್ದರೆ ಇನ್ನೊಬ್ಬರು ಇರುತ್ತಾರೆ. ನಮ್ಮಲ್ಲಿ ಆ ಇನ್ನೊಬ್ಬರಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ. ಗಾಡಿಗಳು ನಿಂತವು, ಉಲ್ಹಾಸ ನದಿ ಉಕ್ಕಿ ಕಲ್ಯಾಣದ ಸುತ್ತಲಿನ ಊರುಗಳಿಗೆ ನುಗ್ಗಿತು. ಕುಂದಾಪುರದವಳು ಮುಂಬಯಿಯ ವಾರ್ಡಿನಲ್ಲಿದ್ದಳು. ಮುಂದಿನ ಪಾಳಿಯವರು ಬರಲಾರದೆ ಹೋದ್ದರಿಂದ ಅವಳ ಪಾಳಿ ಮುಗಿಯಲೇ ಇಲ್ಲ, ಎರಡು ರಾತ್ರಿ ಎರಡು ಹಗಲು ನಡೆಯಿತು. ನಾಲ್ಕು ವರ್ಷದ ಮಗ ಆಜಿಯ ಬಳಿ. ಫೋನು ಸತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಯಾರದೋ ಫೋನಿನಲ್ಲಿ ಆಜಿಯ ಧ್ವನಿ ಕೇಳಿತು: “ಕಾಳಜಿ ಕರೂ ನಕೋಸ್, ಪೋರ ವರಣ ಭಾತ್ ಖಾವೂನ್ ಝೋಪ್ಲಾಯ್.” ಮಗು ಉಂಡು ಮಲಗಿದೆ ಎಂಬ ಆ ಒಂದು ಮಾತನ್ನು ಅವಳು ಇಂದಿಗೂ ಮರಾಠಿಯಲ್ಲೇ ಹೇಳುತ್ತಾಳೆ.

ಆಮೇಲೆ 2020 ಬಂತು. ಮಾರ್ಚ್ 22ರ ಮಧ್ಯರಾತ್ರಿಯಿಂದ ಲೋಕಲ್ ಗಾಡಿಗಳು ನಿಂತವು. ಜೂನ್ 15ರಿಂದ ಅಗತ್ಯ ಸೇವೆಯವರಿಗಾಗಿ ಮಾತ್ರ ಮತ್ತೆ ಹೊರಟವು. ನಡುವಿನ ಸುಮಾರು ಮೂರು ತಿಂಗಳು ಬಸ್ಸಿನಲ್ಲಿ ಹೋಗಿ ಬಂದೆವು. ಪಾಳಣಾಘರಗಳೆಲ್ಲ ಮುಚ್ಚಿದ್ದವು. ಸಂಜೆ ಎಲ್ಲರೂ ಗ್ಯಾಲರಿಯಲ್ಲಿ ನಿಂತು ನಮಗಾಗಿ ತಾಟು ಬಡಿದರು. ಅದೇ ವಾರ ನಮ್ಮಲ್ಲೊಬ್ಬಳಿಗೆ ಲಿಫ್ಟ್ ಬಳಸಬೇಡಿ ಎಂದು ಸೊಸೈಟಿಯಿಂದ ಚೀಟಿ ಬಂತು. ಡೊಂಬಿವಲಿಯಲ್ಲಿ ಹತ್ತೊಂಬತ್ತರ ಹುಡುಗ ಹನ್ನೊಂದರ ಹುಡುಗಿಗೆ ಅನ್ನ ಬೇಯಿಸಿ ಹಾಕಿದ, ಅವಳ ಆನ್‌ಲೈನ್ ಶಾಲೆಗೆ ತನ್ನ ಫೋನು ಕೊಟ್ಟ. ತಾಯಂದಿರಿಬ್ಬರೂ ಒಂದು ಮನೆಯಲ್ಲಿ, ಮಕ್ಕಳಿಬ್ಬರೂ ಇನ್ನೊಂದು ಮನೆಯಲ್ಲಿ ಇದ್ದು, ಎರಡು ತಿಂಗಳು ಮೆಟ್ಟಿಲಿನ ಮೇಲೆ ಡಬ್ಬಿ ಇಟ್ಟು ಹಿಂದೆ ಸರಿದು ಮಾತಾಡಿದೆವು.

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಕಿಕ್ಕಿರಿದ ಗಾಡಿಗಳಿಂದ ಜನ ಹಳಿಗೆ ಬಿದ್ದು ಜೀವಗಳು ಹೋದವು. ಆ ತಿರುವನ್ನು ನಾವು ದಿನವೂ ದಾಟುತ್ತೇವೆ. ಅಂದು ಡಬ್ಬದಲ್ಲಿ ಯಾರೂ ಮಾತಾಡಲಿಲ್ಲ. ಅದರ ಮಾರನೆಯ ವಾರ ನಾವು ನಾಲ್ವರೂ ಕೂತು ಒಂದೊಂದು ಕಾಗದ ಬರೆದೆವು. ನಮಗೇನಾದರೂ ಆದರೆ ಮಕ್ಕಳು ಯಾರ ಬಳಿ ಇರಬೇಕು, ವಿಮೆಯ ಕಾಗದ ಎಲ್ಲಿದೆ, ಬ್ಯಾಂಕಿನಲ್ಲಿ ನಾಮಿನಿ ಯಾರು, ಇಷ್ಟು. ಒಬ್ಬಳದನ್ನು ಇನ್ನೊಬ್ಬಳು ಇಟ್ಟುಕೊಂಡಿದ್ದೇವೆ. ಒಂಟಿಯಾಗಿ ಮಕ್ಕಳನ್ನು ಸಾಕುವ ಯಾರೇ ಇದನ್ನು ಓದುತ್ತಿದ್ದರೂ ಈ ಕಾಗದವನ್ನು ಈ ವಾರವೇ ಬರೆದಿಡಿ ಎಂದು ಕೇಳಿಕೊಳ್ಳುತ್ತೇವೆ.

ದಾದಿಯ ರಾತ್ರಿಯೆಂದರೆ ಅರುಣಾ ಶಾನಭಾಗರನ್ನು ನೆನೆಯದೆ ಮುಂದೆ ಹೋಗಲಾಗದು. ಉತ್ತರ ಕನ್ನಡದ ಹಳದೀಪುರದಿಂದ ಬಂದ ಹುಡುಗಿ, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿ. 1973ರ ನವೆಂಬರ್ 27ರ ಸಂಜೆ ಪಾಳಿ ಮುಗಿಸಿ ಬಟ್ಟೆ ಬದಲಾಯಿಸುವಾಗ ಅವರ ಮೇಲೆ ನಡೆದ ಹಲ್ಲೆಯಿಂದ ಅವರು ಮತ್ತೆ ಎಚ್ಚರದ ಲೋಕಕ್ಕೆ ಬರಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ಉಣಿಸಿ, ತೊಳೆದು, ನೋಡಿಕೊಂಡರು. ರಾತ್ರಿಪಾಳಿಗೆ ಹೊರಡುವಾಗ ಊರಿನ ಹಿರಿಯರು ನಮಗೆ ಹೇಳುವುದು ಅರುಣಾರ ಕಥೆಯ ಮೊದಲ ಭಾಗವನ್ನು. ನಾವು ನಮ್ಮ ಹೆಣ್ಣುಮಕ್ಕಳಿಗೆ ಎರಡನೆಯ ಭಾಗವನ್ನೂ ಹೇಳುತ್ತೇವೆ. ರಕ್ತಸಂಬಂಧವಿಲ್ಲದವರು ಪಾಳಿ ಹಾಕಿಕೊಂಡು ಒಂದು ಜೀವವನ್ನು ಕಾಯಬಲ್ಲರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಗೊತ್ತಿಲ್ಲ.

ಕಲ್ಯಾಣದವರು ಹೆಮ್ಮೆಪಡುವ ಒಂದು ಹೆಸರು ಆನಂದಿಬಾಯಿ ಜೋಶಿಯವರದು. ಅವರ ಬಾಲ್ಯ ಕಳೆದದ್ದು ಅಲ್ಲಿಯೇ. ಹೆತ್ತ ಮಗು ಹತ್ತೇ ದಿನಕ್ಕೆ ತೀರಿಹೋದ ಮೇಲೆ ವೈದ್ಯ ಕಲಿಯಬೇಕೆಂದು ಹೊರಟು, 1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆದರು. ಆ ಸಮಾರಂಭಕ್ಕೆ ಹೋಗಿದ್ದವರು ಪಂಡಿತಾ ರಮಾಬಾಯಿ. ಇವರು ನಮ್ಮ ಕಾರ್ಕಳದ ಕಡೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. 1882ರಲ್ಲಿ ಗಂಡ ಕಾಲರಾದಿಂದ ತೀರಿಕೊಂಡಾಗ ಕೈಯಲ್ಲಿ ಹಸುಗೂಸು ಮನೋರಮಾ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ರಮಾಬಾಯಿ ದುಡಿಯುತ್ತಿದ್ದಾಗ ಮಗುವನ್ನು ವಾಂಟೇಜಿನ ಸಿಸ್ಟರುಗಳ ಬಳಿ ಬಿಡಬೇಕಾಗುತ್ತಿತ್ತು. ಅಷ್ಟು ದೊಡ್ಡ ಪಂಡಿತೆಗೂ ಆ ಪ್ರಶ್ನೆ ತಪ್ಪಲಿಲ್ಲ. 1889ರಲ್ಲಿ ಅವರು ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ವಿಧವೆಯರಿಗೆ ಬರೀ ಪಾಠವಲ್ಲ, ಇರಲು ಮನೆಯೂ ಅದರಲ್ಲಿತ್ತು. ಕಲಿಕೆಯ ಜೊತೆಗೆ ಸೂರು ಇರಬೇಕೆಂದು ಅವರಿಗೆ ತಿಳಿದದ್ದು ಪುಸ್ತಕದಿಂದ ಅಲ್ಲವೆಂದು ನಮ್ಮ ಊಹೆ.

ಕಾನೂನು ಏನೂ ಮಾಡಿಲ್ಲವೆಂದು ಹೇಳಲಾಗದು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ತನ್ನ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆಂದು ಒಟ್ಟು 180 ದಿನಗಳ ರಜೆ ಕೊಟ್ಟಿತು. 2024ರ ಮೇ 1ರಿಂದ ಈ ರಾಜ್ಯದ ಸರ್ಕಾರಿ ಕಾಗದಗಳಲ್ಲಿ ಮಗುವಿನ ಹೆಸರಿನ ಜೊತೆ ತಾಯಿಯ ಹೆಸರು ಕಡ್ಡಾಯ. ಆದರೆ ಸರ್ಕಾರದ ಆ ರಜೆ ಖಾಸಗಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವಳಿಗೆ ಇಲ್ಲ. ಮೂವತ್ತು ನೌಕರರ ನರ್ಸಿಂಗ್ ಹೋಮಿಗೆ ಶಿಶುಪಾಲನೆಯ ನಿಯಮ ತಟ್ಟುವುದಿಲ್ಲ. ಕೇಂದ್ರವಿದ್ದ ಕಡೆಯೂ ನಮಗೆ ಕಂಡದ್ದು ಹಗಲಿನ ಕೇಂದ್ರಗಳೇ. ದಾದಿಯರಿಗೆ ಪಾಳಿಗಳ ನಡುವೆ ಕನಿಷ್ಠ 12 ತಾಸು ಬಿಡುವಿರಲಿ, ಮನೆಯ ಏರ್ಪಾಡು ಮಾಡಿಕೊಳ್ಳಲು ಸಾಕಷ್ಟು ಮೊದಲೇ ಪಾಳಿಪಟ್ಟಿ ತಿಳಿಸಲಿ ಎಂದು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ಶಿಫಾರಸು ಮಾಡಿತು. ಪಟ್ಟಿಯನ್ನು ಒಂದು ತಿಂಗಳು ಮೊದಲು ಅಂಟಿಸಲು ಯಾರ ಬೊಕ್ಕಸವೂ ಬರಿದಾಗುವುದಿಲ್ಲ. ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ.

“ಮಕ್ಕಳನ್ನು ಊರಿಗೆ ಕಳುಹಿಸಿಬಿಡಿ” ಎಂಬ ಸಲಹೆ ನಾಲ್ವರಿಗೂ ಬಂದಿದೆ. ಕಾಸರಗೋಡಿನವಳು ಹಿರಿಯ ಮಗನನ್ನು ಅಜ್ಜಿಯ ಮನೆಗೆ ಕಳುಹಿಸಿದಳು. ಹುಡುಗ ಅಲ್ಲಿ ಚೆನ್ನಾಗಿಯೇ ಇದ್ದ, ಕನ್ನಡ ಶಾಲೆಗೆ ಹೋದ, ತೋಡಿನಲ್ಲಿ ಈಜು ಕಲಿತ. ಮೂರು ವರ್ಷದ ಮೇಲೆ ರಜೆಗೆ ಬಂದವನು ತಾಯಿಯನ್ನು ಬಹುವಚನದಲ್ಲಿ ಮಾತಾಡಿಸಿದ. “ನೀವು ಎಷ್ಟು ಗಂಟೆಗೆ ಬರ್ತೀರಿ?” ಎಂದ. ಅವಳು ಅವನನ್ನು ಮರಳಿ ಕಳುಹಿಸಲಿಲ್ಲ.

ಗೋಕಾಕದವಳ ಮಗಳು ಒಮ್ಮೆ ಜ್ವರದಲ್ಲಿ ಮಲಗಿದ್ದಳು. ತಾಯಿ ರಾತ್ರಿಪಾಳಿಗೆ ಹೊರಟಾಗ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಅಂದಳು, “ನೀ ಎಲ್ಲಾರ ಜ್ವರಾ ನೋಡ್ತಿ ಅವ್ವಾ, ನನ್ನ ಜ್ವರಾ ಆಜಿ ನೋಡ್ತಾರ.” ಅಂದು ಅವಳ ವಾರ್ಡಿನಲ್ಲಿ ಡೆಂಗೀ ಬಂದ ಹನ್ನೊಂದು ಮಕ್ಕಳಿದ್ದರು. ಅವಳು ಹೋದಳು. ಹೋಗದೆ ಇದ್ದರೆ ಆ ರಾತ್ರಿ ಆ ಹನ್ನೊಂದು ಮಕ್ಕಳಿಗೆ ಒಬ್ಬಳೇ ಸಿಸ್ಟರ್. ಮಗಳ ಹತ್ತನೆಯ ತರಗತಿಯ ವರ್ಷ ಅವಳು ಒಂದು ಪಾಲಿಕ್ಲಿನಿಕ್ಕಿನಲ್ಲಿ ಹಗಲಿನ ಕೆಲಸ ಹಿಡಿದಳು, ತಿಂಗಳಿಗೆ ಎಂಟು ಸಾವಿರ ಕಡಿಮೆಗೆ. ಇಬ್ಬರೂ ರಾತ್ರಿ ಒಟ್ಟಿಗೆ ಉಂಡರು, ಒಟ್ಟಿಗೆ ಮಲಗಿದರು. ಪರೀಕ್ಷೆ ಮುಗಿದು ಕಾಲೇಜಿನ ಫೀಸಿನ ಕಾಗದ ಬಂದಾಗ ಮಗಳೇ ಹೇಳಿದಳು, “ಅವ್ವಾ, ಇನ್ನ ನೀ ನೈಟ್ ತಗೋ. ನಾ ಈಗ ದೊಡ್ಡಾಕಿ ಆಗೇನಿ.” ಆ ಮಾತನ್ನು ನಮಗೆ ಹೇಳುವಾಗ ಅವಳು ಸಂತೋಷಪಟ್ಟಳೋ ದುಃಖಪಟ್ಟಳೋ ತಿಳಿಯಲಿಲ್ಲ. ಈಗ ಮತ್ತೆ ರಾತ್ರಿಪಾಳಿಯಲ್ಲಿದ್ದಾಳೆ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಮಾತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಕೀರ್ತಿ ಮುಂಬಯಿ ಕನ್ನಡಿಗರದು. ಮೊಗವೀರರ ರಾತ್ರಿಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿಶಾಲೆ, ಕೋಟೆಯ ಕನ್ನಡ ರಾತ್ರಿಶಾಲೆಗಳಿಂದ ಬಂದವರು ಎಷ್ಟೋ ಮಂದಿ ಮುಂದೆ ಮಾಲಕರಾದರು, ವಕೀಲರಾದರು, ಲೇಖಕರಾದರು. ಬಡ ಹುಡುಗನಿಗೆ ಬಿಡುವಿರುವುದು ರಾತ್ರಿ ಮಾತ್ರ ಎಂದು ತಿಳಿದು ಆ ಹಿರಿಯರು ಶಾಲೆಯ ಹೊತ್ತನ್ನೇ ಬದಲಾಯಿಸಿದರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದವರು ಮಂಜುನಾಥ ವಿದ್ಯಾಲಯ ನಡೆಸುತ್ತಿದ್ದಾರೆ. ಥಾಣೆ, ಕಲ್ಯಾಣ, ನವಿಮುಂಬಯಿಗಳಲ್ಲೂ ಕನ್ನಡ ಸಂಘಗಳಿವೆ. ಸಭಾಗೃಹ, ಕೋಣೆ ಇರುವ ಸಂಘಗಳ ಬಾಗಿಲಿಗೆ ರಾತ್ರಿ ಬೀಗ ಬೀಳುತ್ತದೆ. ಸ್ಟೇಷನ್ನಿಗೆ ಹತ್ತಿರದ ಒಂದು ಕೋಣೆ, ಹತ್ತು ಹಾಸಿಗೆ, ನಂಬಿಕೆಯ ಇಬ್ಬರು ಆಯಾಗಳು, ಕರೆದರೆ ಬರುವ ಒಬ್ಬ ಡಾಕ್ಟರು, ಇಷ್ಟಿದ್ದರೆ ರಾತ್ರಿಯ ಪಾಳಣಾಘರವೊಂದು ನಡೆಯಬಲ್ಲುದು. ನಾವು ಪುಕ್ಕಟೆ ಕೇಳುತ್ತಿಲ್ಲ, ತಕ್ಕ ಹಣ ಕೊಡುತ್ತೇವೆ. ದಾದಿಯರು ಮಾತ್ರವಲ್ಲ, ಕಾಲ್ ಸೆಂಟರಿನವರು, ಮಹಿಳಾ ಪೊಲೀಸರು, ವಿಮಾನ ನಿಲ್ದಾಣದಲ್ಲಿ ದುಡಿಯುವವರು ಕೂಡ ಬರುತ್ತಾರೆ. ರಜೆಯ ದಿನ ಸಂಘದ ಮುದುಕರ ರಕ್ತದೊತ್ತಡ ನೋಡುವ ಕೆಲಸ ನಮಗಿರಲಿ.

ಅದಾಗುವವರೆಗೆ ಒಂದು ಚಿಕ್ಕ ಕೆಲಸ ಇಂದೇ ಆಗಬಹುದು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ಸಹಿ’ ಎಂದು ಅಚ್ಚಾಗಿರುವ ಕಡೆ ‘ತಂದೆ ಅಥವಾ ತಾಯಿ’ ಎಂದು ಮಾಡಿಸಿ. ಕಳೆದ ಜೂನಿನಲ್ಲಿ ನಮ್ಮ ಮಕ್ಕಳಲ್ಲಿ ಇಬ್ಬರು ಆ ಜಾಗವನ್ನು ಖಾಲಿ ಬಿಟ್ಟು ಅರ್ಜಿ ಕೊಟ್ಟರು, ‘ಅಪೂರ್ಣ’ ಎಂಬ ಷರಾದೊಡನೆ ಅದು ಹಿಂದೆ ಬಂತು. ಮುಂದಿನ ಜೂನಿಗೆ ಇನ್ನೂ ಸಮಯವಿದೆ.